‘ಲಾರ್ಸ್’ ಅಲ್ಲ, ‘ಲಾಷ್’: ಸ್ಕ್ಯಾಂಡಿನೇವಿಯಾದ ಹೆಸರುಗಳನ್ನು ಹೇಳುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಸ್ವೀಡನ್ನಿನವರ ಜೊತೆ ದಿನಾ ಫೋನಿನಲ್ಲಿ ಮಾತಾಡುವ ಕೆಲಸ ನನಗಿತ್ತು. ಅವರು ಪದೇ ಪದೇ ‘ಯೊತೆಬೊರಿ’ ಎಂಬ ಊರಿನ ಸುದ್ದಿ ಹೇಳುತ್ತಿದ್ದರು. ನಾನು ನಕಾಶೆಯೆಲ್ಲ ಹುಡುಕಿದೆ. ಸಿಗಲಿಲ್ಲ. ಆಮೇಲೆ ತಿಳಿಯಿತು, ಅದು ವೋಲ್ವೋ ಕಂಪನಿಯ ಊರು. ನಾವು ಇಂಗ್ಲಿಷಿನಲ್ಲಿ ಓದಿ ‘ಗೋಥನ್‌ಬರ್ಗ್’ ಅನ್ನುತ್ತೇವಲ್ಲ, ಅದೇ.

ಸ್ವೀಡನ್, ನಾರ್ವೆ, ಡೆನ್ಮಾರ್ಕಿನ ಹೆಸರುಗಳು ನಮಗೆ ಕಷ್ಟ ಅನ್ನಿಸುವುದು ಅವನ್ನು ಇಂಗ್ಲಿಷ್ ಕನ್ನಡಕ ಹಾಕಿಕೊಂಡು ಓದುವುದರಿಂದ. ಕನ್ನಡಕ ತೆಗೆದಿಟ್ಟು ನೋಡಿದರೆ ಒಂದು ಆಶ್ಚರ್ಯ ಕಾದಿದೆ. ಆ ಹೆಸರುಗಳಲ್ಲಿರುವ ಕೆಲವು ಸದ್ದುಗಳು ಇಂಗ್ಲಿಷಿನವರ ಬಾಯಿಗೆ ಬರುವುದೇ ಇಲ್ಲ. ನಮಗೆ ಅವು ಒಂದನೇ ತರಗತಿಯ ಪಾಠ.

ಮೊದಲು ಯಾವ ದೇಶದವರು ನೋಡಿ

ಒಂದೇ ಹೆಸರು ಗಡಿ ದಾಟಿದರೆ ಬೇರೆಯಾಗುತ್ತದೆ. ಇಂಗ್ಲಿಷಿನಲ್ಲಿ ನಾವು ‘ಆಂಡರ್ಸ್’ ಎಂದು ಓದುವ ಹೆಸರು ಸ್ವೀಡನ್ನಿನಲ್ಲಿ ‘ಆಂದೆಷ್’. ನಾರ್ವೆಯಲ್ಲಿ ನಡುವಿನ ದ ಬಿದ್ದು ‘ಆನೆಷ್’. ಡೆನ್ಮಾರ್ಕಿನಲ್ಲಿ ‘ಆನಸ್’. ಹಾಗಾಗಿ ಹೇಳುವ ಮುಂಚೆ ಊರು ಕೇಳಿಕೊಳ್ಳಿ.

‘ಜೆ’ ಕಂಡರೆ ‘ಯ’ ಅನ್ನಿ

ಇದು ಎಲ್ಲಕ್ಕಿಂತ ಸುಲಭ. ಮೂರೂ ದೇಶದಲ್ಲಿ ಸರಿಹೋಗುತ್ತದೆ. ‘ಜೆನ್ಸ್’ ಅಲ್ಲ, ಯೆನ್ಸ್. ‘ಜೋಹಾನ್’ ಎಂದು ಬರೆದದ್ದು ಸ್ವೀಡನ್ನಿನವರ ಬಾಯಲ್ಲಿ ಯೂಆನ್. ‘ಟಿ’ ಮತ್ತು ‘ಎಚ್’ ಜೊತೆಗೆ ಬಂದರೆ ಎಚ್ ಅನ್ನು ಮರೆತುಬಿಡಿ.

ತಲೆಯ ಮೇಲೆ ಸೊನ್ನೆ ಇದ್ದರೆ ‘ಓ’

ಪಿಯುಸಿಯಲ್ಲಿ ‘ಆಂಗ್‌ಸ್ಟ್ರಾಂ’ ಎಂಬ ಅಳತೆ ಓದಿದ್ದು ನೆನಪಿದೆಯಾ? ಒಂದು ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಅದನ್ನು ಬರೆಯಲು ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ನೆತ್ತಿಗೆ ಪುಟ್ಟ ಸೊನ್ನೆ ಇಡುತ್ತಿದ್ದೆವು. ಸ್ವೀಡನ್ನಿನ ಭೌತವಿಜ್ಞಾನಿ ಆಂದೆಷ್ ಯೂನಾಸ್ ಒಂಗ್‌ಸ್ತ್ರೋಮ್ ಅವರ ಹೆಸರು ಅದು. ಸೊನ್ನೆ ಹೊತ್ತ ಆ ಅಕ್ಷರ ‘ಆ’ ಅಲ್ಲ. ಅದು ‘ಒ’ ಅಥವಾ ‘ಓ’. ನಮ್ಮ ಮೇಷ್ಟ್ರು ಅದನ್ನು ಹೇಳಲೇ ಇಲ್ಲ, ಅವರಿಗೂ ಯಾರೂ ಹೇಳಿರಲಿಕ್ಕಿಲ್ಲ.

ಹಿಂದೆ ಇದೇ ಸದ್ದಿಗೆ ಡೆನ್ಮಾರ್ಕ್, ನಾರ್ವೆಯವರು ಎರಡು ‘ಎ’ ಬರೆಯುತ್ತಿದ್ದರು. ನಾರ್ವೆ 1917ರಲ್ಲಿ, ಡೆನ್ಮಾರ್ಕ್ 1948ರಲ್ಲಿ ಸೊನ್ನೆಯ ಅಕ್ಷರಕ್ಕೆ ಬಂದವು. ಆದರೆ ಮನೆತನದ ಹೆಸರುಗಳಲ್ಲಿ ಹಳೆಯ ಬರವಣಿಗೆ ಉಳಿದಿದೆ. ಅದಕ್ಕೇ ನಾರ್ವೆಯ ಫುಟ್‌ಬಾಲ್ ಆಟಗಾರ ಎರ್ಲಿಂಗ್ ‘ಹಾಲಂಡ್’ ಅವರ ಊರಲ್ಲಿ ‘ಹೋಲಾನ್’. ಕೊನೆಯ ಡಿ ಕೂಡ ಮಾಯ! ತತ್ವಜ್ಞಾನಿ ‘ಕಿರ್ಕೆಗಾರ್ಡ್’ ಡೆನ್ಮಾರ್ಕಿನಲ್ಲಿ ‘ಕೀರ್ಕೆಗೋ’ ಎಂದಷ್ಟೇ ಕೇಳಿಸುತ್ತದೆ.

ಈಗ ನಮ್ಮ ಸರದಿ: ಟ, ಡ, ಣ, ಳ, ಷ

ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ವೀಡಿಷ್ ಭಾಷೆಯಲ್ಲೂ ನಾರ್ವೆಯ ಬಹುಪಾಲು ಕಡೆಗಳಲ್ಲೂ ‘ಆರ್’ ಅಕ್ಷರ ಆದಕೂಡಲೇ ಟಿ, ಡಿ, ಎನ್, ಎಲ್, ಎಸ್ ಬಂದರೆ ಎರಡೂ ಬೆಸೆದು ಒಂದೇ ಸದ್ದಾಗುತ್ತವೆ. ನಾಲಿಗೆ ಹಿಂದಕ್ಕೆ ಮಡಚುತ್ತದೆ. ಆರ್ ಮತ್ತು ಟಿ ಸೇರಿದರೆ ಟ. ಡಿ ಸೇರಿದರೆ ಡ. ಎನ್ ಸೇರಿದರೆ ಣ. ಎಲ್ ಸೇರಿದರೆ ಳ. ಎಸ್ ಸೇರಿದರೆ ಷ. ಐದಕ್ಕೆ ಐದೂ ನಮ್ಮ ವರ್ಣಮಾಲೆಯಲ್ಲಿವೆ. ಇಂಗ್ಲಿಷಿನವರಿಗೆ ಇದನ್ನು ಕಲಿಸಬೇಕಾದರೆ ನಾಲಿಗೆಯ ಚಿತ್ರ ಬರೆದು ತೋರಿಸಬೇಕು. ನಮಗೆ ಅಕ್ಷರ ಹೇಳಿದರೆ ಸಾಕು.

ಹೀಗಾಗಿ ‘ಲಾರ್ಸ್’ ಆಗುತ್ತದೆ ಲಾಷ್. ‘ಕಾರ್ಲ್’ ಆಗುತ್ತದೆ ಕಾಳ್. 1976ರಿಂದ 1980ರವರೆಗೆ ಸತತ ಐದು ಸಲ ವಿಂಬಲ್ಡನ್ ಗೆದ್ದ ‘ಬ್ಯೋರ್ನ್ ಬೋರ್ಗ್’ ತಮ್ಮೂರಲ್ಲಿ ಬ್ಯೋಣ್ ಬೊರಿ. 2013ರಲ್ಲಿ ಚೆನ್ನೈಗೆ ಬಂದು ನಮ್ಮ ಆನಂದ್ ಅವರಿಂದ ವಿಶ್ವ ಚೆಸ್ ಪಟ್ಟ ಕಿತ್ತುಕೊಂಡ ನಾರ್ವೆಯ ‘ಮ್ಯಾಗ್ನಸ್ ಕಾರ್ಲ್‌ಸನ್’ ನಿಜಕ್ಕೂ ಮಾಂಗ್ನುಸ್ ಕಾಳ್ಸನ್. ನಟ ಸ್ಟೆಲನ್ ‘ಸ್ಕಾರ್ಸ್‌ಗಾರ್ಡ್’ ಹೆಸರಿನಲ್ಲಂತೂ ಸೊನ್ನೆಯ ಪಾಠ, ಮಡಚುವ ಪಾಠ ಎರಡೂ ಇವೆ: ಸ್ಕಾಷ್‌ಗೋಡ್. ಕನ್ನಡದಲ್ಲಿ ಬರೆದರೆ ಎಷ್ಟು ಸಲೀಸು, ಅಲ್ವಾ?

ಒಂಟಿ ಟಿ, ಡಿ ಬಂದರೆ ಸ್ವೀಡಿಷಿನಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ. ಅಂದರೆ ನಮ್ಮ ತ, ದ. ನಾವು ‘ಸ್ಟಾಕ್‌ಹೋಮ್’ ಎಂದು ಬರೆಯುವುದು ಇಂಗ್ಲಿಷಿನ ಪ್ರಭಾವ. ಅಲ್ಲಿನವರು ‘ಸ್ತೊಕ್‌ಹೊಲ್ಮ್’ ಅನ್ನುತ್ತಾರೆ, ಲ ಕೂಡ ಕೇಳಿಸುತ್ತದೆ.

ಒಂದು ಎಚ್ಚರಿಕೆ ಇದೆ. ಸ್ವೀಡನ್ನಿನ ದಕ್ಷಿಣ ತುದಿ ಮತ್ತು ನಾರ್ವೆಯ ಬೆರ್ಗೆನ್ ಕಡೆಯವರು ‘ರ’ವನ್ನು ಗಂಟಲಿನಿಂದ ಹೊರಡಿಸುತ್ತಾರೆ. ಅಲ್ಲಿ ಈ ಮಡಚುವ ಆಟ ಇಲ್ಲ.

ಸ್ವೀಡನ್ನಿನ ಮೆತ್ತನೆ ‘ಜಿ’ ಮತ್ತು ‘ಕೆ’

ಇಂಗ್ಲಿಷಿನ ಇ, ಐ, ವೈ ಅಥವಾ ಎರಡು ಚುಕ್ಕಿ ಹೊತ್ತ ಎ, ಓ ಅಕ್ಷರಗಳಿಗಿಂತ ಮೊದಲು ಬಂದರೆ ಜಿ ‘ಯ’ ಆಗುತ್ತದೆ, ಕೆ ‘ಶ’ ಆಗುತ್ತದೆ. ನನ್ನ ಯೊತೆಬೊರಿ ಹೀಗೆ ಹುಟ್ಟಿತು. ಐಕಿಯಾಗೆ ಹೋದರೆ ಮಾಂಸದ ಉಂಡೆ ತಿನ್ನುತ್ತಾರಲ್ಲ, ಅದರ ಸ್ವೀಡಿಷ್ ಹೆಸರನ್ನು ‘ಕೊಟ್‌ಬುಲ್ಲರ್’ ಎಂದು ಓದಬೇಡಿ, ಅದು ‘ಶೊತ್‌ಬುಲ್ಲರ್’. ಅಂದಹಾಗೆ ಐಕಿಯಾ ಕೂಡ ಅಲ್ಲಿ ‘ಇಕೇಆ’, ಇದರಲ್ಲಿ ಮಾತ್ರ ಕೆ ಗಟ್ಟಿಯಾಗಿಯೇ ಉಳಿಯುತ್ತದೆ.

ಹೆಸರಿನ ಕೊನೆಗೆ ‘ಬರ್ಗ್’, ‘ಬೋರ್ಗ್’ ಇದ್ದರೂ ಜಿ ಕರಗಿ ಯ ಆಗುತ್ತದೆ. ಪರಿಸರ ಹೋರಾಟಗಾರ್ತಿ ‘ಗ್ರೇಟಾ ಥನ್‌ಬರ್ಗ್’ ಅವರನ್ನು ಗ್ರೇತಾ ತೂನ್‌ಬೆರಿ ಅನ್ನಿ, ಕೊನೆಯ ‘ರಿ’ ಎಳೆಯದೆ ಚುಟುಕಾಗಿ. ಸಿನಿಮಾ ನಿರ್ದೇಶಕ ಇಂಗ್ಮಾರ್ ‘ಬರ್ಗ್‌ಮನ್’ ಕೂಡ ಹಾಗೆಯೇ ಬೆರಿಮಾನ್. ಆದರೆ ಗಡಿಯಾಚೆ ನಾರ್ವೆಯಲ್ಲಿ ಗ ಗಟ್ಟಿಯಾಗಿ ಉಳಿಯುತ್ತದೆ. ಅಲ್ಲಿನ ಮಾಜಿ ಪ್ರಧಾನಿ ಯೆನ್ಸ್ ಸ್ತೊಲ್ತನ್‌ಬೆರ್ಗ್.

‘ಕರ್ಸ್ಟಿನ್’ ಎಂದು ನಾವು ಓದುವ ಹೆಣ್ಣುಮಕ್ಕಳ ಹೆಸರು ಸ್ವೀಡಿಷಿನಲ್ಲಿ ಶೆಷ್ಟಿನ್. ಶ ಬೇರೆ, ಷ ಬೇರೆ ಎಂದು ಕನ್ನಡ ಮೇಷ್ಟ್ರು ಬಾಯಿ ನೋಯಿಸಿಕೊಂಡಿದ್ದು ಸುಮ್ನೆ ಅಲ್ಲ!

ತುಟಿಯ ಕೆಲಸ

ಚುಕ್ಕಿ ಇರುವ ‘ಓ’, ನಾರ್ವೆ–ಡೆನ್ಮಾರ್ಕಿನಲ್ಲಿ ಅಡ್ಡಗೀಟು ಎಳೆದ ‘ಓ’, ಎರಡೂ ಒಂದೇ ಬಗೆಯ ಸದ್ದು. ಕನ್ನಡದಲ್ಲಿ ಇದಕ್ಕೆ ಅಕ್ಷರ ಇಲ್ಲ. ಬಾಯೊಳಗೆ ‘ಏ’ ಅನ್ನಿ. ಹಾಗೇ ಅನ್ನುತ್ತಾ ತುಟಿಯನ್ನು ಮಾತ್ರ ‘ಓ’ ಅನ್ನುವಂತೆ ದುಂಡಗೆ ಮಾಡಿ. ಬಂತಲ್ಲ! ‘ವೈ’ ಅಕ್ಷರಕ್ಕೂ ಇದೇ ಉಪಾಯ: ಒಳಗೆ ‘ಈ’, ತುಟಿಯಲ್ಲಿ ‘ಊ’. ಕನ್ನಡಿ ಮುಂದೆ ಎರಡು ನಿಮಿಷ ಸಾಕು. ಮನೆಯವರು ನಕ್ಕರೆ ನಗಲಿ.

ಡೆನ್ಮಾರ್ಕಿಗೆ ಬಂದರೆ

ಇಲ್ಲಿ ನಿಯಮ ಕಡಿಮೆ, ನುಂಗುವುದು ಜಾಸ್ತಿ. ನಟ ‘ಮ್ಯಾಡ್ಸ್ ಮಿಕೆಲ್ಸನ್’ ಅಲ್ಲಿ ಮ್ಯಾಸ್. ಪರಮಾಣುವಿನ ಚಿತ್ರ ಕೊಟ್ಟ ‘ನೀಲ್ಸ್ ಬೋರ್’ ನೆಲ್ಸ್. ಮಕ್ಕಳ ಕಥೆಗಳ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಅವರನ್ನು ಡೇನರು ಪೂರ್ತಿ ಹೆಸರಿನಿಂದ ಕರೆಯುವುದು ಅಪರೂಪ. ನಾವು ‘ದ.ರಾ. ಬೇಂದ್ರೆ’ ಅನ್ನುವ ಹಾಗೆ ಅವರು ‘ಹೋ ಸೇ ಆನಸನ್’ ಅನ್ನುತ್ತಾರೆ. ಎಚ್ ಮತ್ತು ಸಿ ಅಕ್ಷರಗಳನ್ನು ಅವರು ಹೇಳುವುದೇ ಹಾಗೆ. ಡೇನಿಷ್ ಹೆಸರನ್ನು ಓದಿ ಕಲಿಯುವ ಆಸೆ ಬಿಟ್ಟು ಕೇಳಿ ಕಲಿಯುವುದೇ ವಾಸಿ.

ಕೊನೆಗೂ ಅನುಮಾನ ಉಳಿದರೆ

ಅವರನ್ನೇ ಕೇಳಿ. ಸ್ವೀಡಿಷಿನಲ್ಲಿ ‘ಹೂರ್ ಊತ್ತಾಲಸ್ ದಿತ್ ನಾಮ್ನ್?’ ಅಂದರೆ ‘ನಿನ್ನ ಹೆಸರು ಹೇಗೆ ಹೇಳೋದು?’ ಎಂದರ್ಥ. ಏಕವಚನ ಎಂದು ಅಳುಕಬೇಡಿ. 1960ರ ದಶಕದ ಕೊನೆಯಿಂದ ಅಲ್ಲಿ ಬಹುತೇಕ ಎಲ್ಲರಿಗೂ ‘ನೀನು’ ಎಂದೇ ಅನ್ನುವುದು. ಸರ್, ಮೇಡಂ ಬೇಕಾಗಿಲ್ಲ. ಅವರು ಹೇಳಿದ್ದನ್ನು ಚೀಟಿಯಲ್ಲಿ ಕನ್ನಡದಲ್ಲೇ ಗೀಚಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆದುಕೊಂಡರೆ ನಾಳೆ ಮತ್ತೆ ಲಾರ್ಸ್ ಎಂದೇ ಓದುತ್ತೀರಿ.

ನಿಮ್ಮ ಹೆಸರು ಮುರಳಿಯೋ ಕಾಳಪ್ಪನೋ ಆಗಿದ್ದರೆ ಸ್ಟಾಕ್‌ಹೋಮಿನವರಿಗೆ ಬರೆದುಕೊಡುವಾಗ ಬರೀ ‘ಎಲ್’ ಹಾಕಬೇಡಿ. ‘ಆರ್’ ಮತ್ತು ‘ಎಲ್’ ಎರಡನ್ನೂ ಹಾಕಿ. ಅವರ ಬಾಯಿಂದ ‘ಳ’ ತಾನಾಗಿಯೇ ಬರುತ್ತದೆ.