ಫೈಟಾನಿಕ್ ಆಮ್ಲ ಒಡೆಯುವ ದಾರಿ: ತಪ್ಪಿಲ್ಲದೆ ಬರೆಯುವುದು ಹೇಗೆ?

ಬಯೋಕೆಮಿಸ್ಟ್ರಿ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಸಾಕು, ಬಹಳಷ್ಟು ಮಕ್ಕಳು ಮಾಮೂಲಿ ಬೀಟಾ ಆಕ್ಸಿಡೇಶನ್ (ಕೊಬ್ಬಿನಾಮ್ಲದಿಂದ ಎರಡೆರಡು ಕಾರ್ಬನ್ ಕತ್ತರಿಸುವ ದಾರಿ) ಬರೆದು ಎದ್ದು ಬರುತ್ತಾರೆ. ಓದಿದವರೂ ಇಲ್ಲೇ ಅಂಕ ಕಳೆದುಕೊಳ್ಳುವುದು ನೋಡಿದರೆ ಬೇಜಾರಾಗುತ್ತದೆ.

ಮೊದಲು ಮೂಲ ಬರೆಯಿರಿ. ಹುಲ್ಲಿನ ಕ್ಲೋರೊಫಿಲ್‌ಗೆ ಫೈಟಾಲ್ ಎಂಬ ಉದ್ದ ಬಾಲವಿದೆ. ಮೆಲುಕು ಹಾಕುವ ಹಸು, ಕುರಿಗಳ ಹೊಟ್ಟೆಯ ಬ್ಯಾಕ್ಟೀರಿಯಾ ಅದನ್ನು ಕಳಚುತ್ತವೆ. ಅದೇ ಫೈಟಾನಿಕ್ ಆಮ್ಲ ಎಂಬ ಕೊಬ್ಬಿನಾಮ್ಲವಾಗಿ ಹಾಲು, ಬೆಣ್ಣೆ, ತುಪ್ಪದ ಮೂಲಕ ನಮಗೆ ಬರುತ್ತದೆ.

ಆಮೇಲೆ ಪೆನ್ಸಿಲ್ ಹಿಡಿಯಿರಿ, ಪೆನ್ ಬೇಡ. ಸಾಲಾಗಿ 16 ಕಾರ್ಬನ್, ಆಮ್ಲದ ತುದಿಯದು 1ನೆಯದು. 3, 7, 11, 15ರ ಮೇಲೆ ಒಂದೊಂದು ಮೀಥೈಲ್, ಅಂದರೆ ಒಂದೇ ಕಾರ್ಬನ್ ಇರುವ ಕೊಂಬೆ. ಒಟ್ಟು 20. ನಂಬರ್ ಹಾಕದೆ ಮುಂದೆ ಹೋಗಲೇಬೇಡಿ.

ಈಗ ಎಲ್ಲರೂ ಎಡವುವ ಜಾಗ. ಬೀಟಾ ಆಕ್ಸಿಡೇಶನ್ ನಡೆಯಬೇಕಾದರೆ 3ನೇ ಕಾರ್ಬನ್ ಕೀಟೋನ್ ಆಗಬೇಕು. ಅಲ್ಲಿ ಮೀಥೈಲ್ ಕೂತಿದೆಯಲ್ವಾ, ಆಗುವುದಿಲ್ಲ. ಅದಕ್ಕೇ ಜೀವಕೋಶದ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲದ ಒಳಗೆ ಮೊದಲು ಒಂದೇ ಒಂದು ಕಾರ್ಬನ್ ಕತ್ತರಿಸಬೇಕು. ಇದೇ ಆಲ್ಫಾ ಆಕ್ಸಿಡೇಶನ್. ಆಮ್ಲಕ್ಕೆ ಕೋ-ಎ (ಕೋಎಂಜೈಮ್ ಎ) ಸೇರಿ ಫೈಟಾನಾಯ್ಲ್ ಕೋ-ಎ ಆಗುತ್ತದೆ. ಹೈಡ್ರಾಕ್ಸಿಲೇಸ್ ಎಂಜೈಮ್ 2ನೇ ಕಾರ್ಬನ್ ಮೇಲೆ ಒಂದು ಓಎಚ್ ಕೂರಿಸುತ್ತದೆ. ಅದಕ್ಕೆ ಕಬ್ಬಿಣ, ಆಕ್ಸಿಜನ್, 2-ಆಕ್ಸೊಗ್ಲುಟರೇಟ್ ಬೇಕು. ನಂತರ ಲಯೇಸ್ ಎಂಜೈಮ್, ಥಯಮಿನ್ ಪೈರೊಫಾಸ್ಫೇಟ್ ಸಹಾಯದಿಂದ 1 ಮತ್ತು 2ರ ನಡುವೆ ಕತ್ತರಿಸುತ್ತದೆ. 1ನೇ ಕಾರ್ಬನ್ ಫಾರ್ಮೈಲ್ ಕೋ-ಎ ಆಗಿ ಹೊರಗೆ ಹೋಗುತ್ತದೆ, ಉಳಿದದ್ದು ಪ್ರಿಸ್ಟನಾಲ್ ಎಂಬ ಆಲ್ಡಿಹೈಡ್. ಅದು ಆಕ್ಸಿಡೈಸ್ ಆದರೆ 19 ಕಾರ್ಬನ್‌ನ ಪ್ರಿಸ್ಟಾನಿಕ್ ಆಮ್ಲ. ಮೀಥೈಲ್ ಕೂತಲ್ಲೇ ಇದೆ, ತುದಿಯ 1ನೇ ಕಾರ್ಬನ್ ಹೋಗಿದ್ದರಿಂದ ಅದರ ನಂಬರ್ ಮಾತ್ರ 3 ಇದ್ದದ್ದು 2 ಆಯಿತು. ಈಗ 3ನೇ ಕಾರ್ಬನ್ ಖಾಲಿ, ಬೀಟಾಗೆ ದಾರಿ ತೆರೆಯಿತು. ಈ ಒಂದು ಮಾತು ಉತ್ತರದಲ್ಲಿ ಇರಲೇಬೇಕು.

ಕೆಲವು ಗೈಡ್‌ಗಳಲ್ಲಿ ಇಷ್ಟಕ್ಕೂ ಒಂದೇ ಬಾಣ ಹಾಕಿ ‘ಕಾರ್ಬನ್ ಡೈಆಕ್ಸೈಡ್ ಹೋಯಿತು’ ಎಂದು ಮುಗಿಸಿರುತ್ತಾರೆ. ಅಂಥವನ್ನು ಕೊಳ್ಳಬೇಡಿ. ಕಾರ್ಬನ್ ಡೈಆಕ್ಸೈಡ್ ಆಗುವುದು ಆಮೇಲೆ, ಫಾರ್ಮೈಲ್ ಕೋ-ಎ ಫಾರ್ಮೇಟ್ ಆದ ನಂತರ.

ಉಳಿದದ್ದು ಸುಲಭ. ರೆಸಿಮೇಸ್ ಎಂಬ ಎಂಜೈಮ್ ಮೀಥೈಲ್‌ನ ದಿಕ್ಕನ್ನು ಆರ್‌ನಿಂದ ಎಸ್‌ಗೆ ತಿರುಗಿಸುತ್ತದೆ (ಆರ್, ಎಸ್ ಅಂದರೆ ಕನ್ನಡಿ ಬಿಂಬದಂಥ ಎರಡು ಜೋಡಣೆ). ಪೆರಾಕ್ಸಿಸೋಮ್‌ನಲ್ಲಿ ಬೀಟಾ ಮೂರು ಸುತ್ತು, ಉಳಿದದ್ದು ಅದನ್ನು ಸಾಗಿಸುವ ಕಾರ್ನಿಟೈನ್ ಜೊತೆ ಮೈಟೊಕಾಂಡ್ರಿಯಾಗೆ. ಕೊನೆಗೆ ಲೆಕ್ಕ ತಾಳೆ ನೋಡಿ: 3 ಪ್ರೊಪಿಯೊನೈಲ್ (ತಲಾ 3 ಕಾರ್ಬನ್), 3 ಅಸಿಟೈಲ್ (ತಲಾ 2), 1 ಐಸೊಬ್ಯುಟಿರೈಲ್ (4). 9, 6, 4 ಕೂಡಿದರೆ 19. ಬರದಿದ್ದರೆ ಎಲ್ಲೋ ಕತ್ತರಿ ತಪ್ಪಿದೆ.

ಈ ಆಮ್ಲ ಒಡೆಯದೆ ಮೈಯಲ್ಲಿ ಕೂಡಿಕೊಳ್ಳುವ ರೆಫ್ಸಮ್ ಕಾಯಿಲೆಯ ಬಗ್ಗೆಯೂ ಬರೆಯಿರಿ. ನಾರ್ವೆಯ ಸಿಗ್ವಾಲ್ಡ್ ರೆಫ್ಸಮ್ 1946ರಲ್ಲಿ ಇದನ್ನು ವಿವರಿಸಿದರು. ಹೆಚ್ಚಿನ ರೋಗಿಗಳಲ್ಲಿ ಕೆಟ್ಟಿರುವುದು ಆ ಹೈಡ್ರಾಕ್ಸಿಲೇಸ್ ಎಂಜೈಮೇ. ರಾತ್ರಿ ಕಣ್ಣು ಕಾಣದು, ವಾಸನೆ ತಿಳಿಯದು, ನರಗಳು ಸೋಲುತ್ತವೆ. ಬೆಣ್ಣೆ, ತುಪ್ಪ, ಕುರಿ ಮಾಂಸ ಬಿಡಿಸುತ್ತಾರೆ. ಉಪವಾಸವೂ ಕೂಡದು, ಮೈಯ ಕೊಬ್ಬು ಕರಗಿದರೆ ಅದರಲ್ಲಿ ಕೂಡಿಟ್ಟ ಫೈಟಾನಿಕ್ ಆಮ್ಲ ಒಮ್ಮೆಲೇ ರಕ್ತಕ್ಕೆ ಬರುತ್ತದೆ.