ವುಯಿ ಬೆಟ್ಟ, ಹೊಳೆ, ಝು ಶಿ: ಮೂರೂ ಒಂದೇ ದಿನದಲ್ಲಿ

ಚೀನಾದ ಫೂಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಕ್ಕೆ ಒಂದು ದಿನ ಸಾಲದು ಅಂತ ನನಗೆ ಹೇಳದವರೇ ಇಲ್ಲ. ಚೀನಾದ್ದೇ ಯೀವು ಊರಿನಲ್ಲಿ ವ್ಯಾಪಾರಕ್ಕೆ ಬಂದು ಕೂತಿರುವ ನಮ್ಮವರು ಐದಾರು ಮನೆ ಇದ್ದೇವೆ. ಭಾನುವಾರ ಯಾರದಾದರೂ ಮನೆಯಲ್ಲಿ ಬಿಸಿಬೇಳೆಬಾತ್‌ಗೆ ಸೇರಿದರೆ ಈ ಮಾತು ಬಂದೇ ಬರುತ್ತಿತ್ತು. "ಬೆಟ್ಟ ಹತ್ತಿದ್ರೆ ತೆಪ್ಪ ತಪ್ಪುತ್ತೆ, ತೆಪ್ಪ ಹತ್ತಿದ್ರೆ ಝು ಶಿ ತಪ್ಪುತ್ತಾನೆ. ಮೂರು ದಿನ ಇಟ್ಕೊಳ್ಳಿ, ಇಲ್ಲಾಂದ್ರೆ ಏಜೆಂಟ್ ಹಿಡೀರಿ ಮಾರಾಯ್ರೆ." ತೆಪ್ಪ ಅಂದರೆ ಬೆಟ್ಟದ ನಡುವಿನ ಒಂಬತ್ತು ತಿರುವಿನ ಹೊಳೆಯಲ್ಲಿ ಹೋಗುವ ಬಿದಿರು ತೆಪ್ಪ; ಝು ಶಿ ಅಂದರೆ ಎಂಟುನೂರು ವರ್ಷದ ಹಿಂದೆ ಅಲ್ಲಿ ಗುರುಕುಲ ಕಟ್ಟಿದ ಕನ್ಫ್ಯೂಷಿಯಸ್ ಪಂಥದ ಪಂಡಿತ. ಕಳೆದ ನವೆಂಬರ್ ಕೊನೆಯಲ್ಲಿ ನಾನೂ ನನ್ನ ಹೆಂಡತಿಯೂ ಮೂರನ್ನೂ ಬೆಳಗಿನ ಮೊದಲ ಬಸ್ಸಿನಿಂದ ಸಂಜೆ ದೀಪ ಹಚ್ಚುವುದರೊಳಗೆ ಮುಗಿಸಿದೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪಾಸ್‌ಪೋರ್ಟ್, ಅಲಿಪೇ, ಅನುವಾದದ ಆ್ಯಪ್ ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. ಮೊದಲನೇ ಸಲ ಏಜೆಂಟ್ ಮೂಲಕವೇ ಹೋಗಿದ್ದೆವು. ಇಬ್ಬರಿಗೆ ಸೇರಿ ಸುಮಾರು 2,400 ಯುವಾನ್. ಎಂಟಕ್ಕೆ ಬರಬೇಕಿದ್ದ ವ್ಯಾನು ಒಂಬತ್ತೂವರೆಗೆ ಬಂತು. ಬೆಟ್ಟಕ್ಕೆ ಅಂತ ಹೊರಟಿದ್ದು ನೇರ ಒಂದು ಚಹಾ ಅಂಗಡಿಗೆ. ಅಲ್ಲಿ ಒಬ್ಬಾಕೆ ತುಂಬಾ ಅಕ್ಕರೆಯಿಂದ ಎಂಟು ಪುಟಾಣಿ ಬಟ್ಟಲು ಚಹಾ ಕುಡಿಸಿ, "ಇದು ತಾಯಿಗಿಡದ ದಾ ಹೋಂಗ್ ಪಾವ್" ಅಂತ ಒಂದು ಸಣ್ಣ ಡಬ್ಬಿಗೆ 600 ಯುವಾನ್ ತೆಗೆದುಕೊಂಡಳು. ದಾ ಹೋಂಗ್ ಪಾವ್ ಅಂದರೆ ವುಯಿಯ ಹೆಸರಾಂತ ಚಹಾ, ತಾಯಿಗಿಡ ಅಂದರೆ ಅದರ ಮೂಲ ಗಿಡ. ಮನೆಗೆ ಬಂದ ಮೇಲೆ ಗೊತ್ತಾಯಿತು. ಬಂಡೆ ಸಂದಿಯಲ್ಲಿರುವ ತಾಯಿಗಿಡಗಳು ಬರೀ ಆರು. 2006ರಿಂದ ಅವನ್ನು ಕೊಯ್ಯುವುದನ್ನೇ ನಿಲ್ಲಿಸಿದ್ದಾರೆ. ಕೊನೆಯ ಕೊಯ್ಲಿನ 20 ಗ್ರಾಂ ಬೀಜಿಂಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಸೇರಿದೆ. ಅಲ್ಲಿರುವ ಚಹಾ ನಮ್ಮ ಅಡುಗೆಮನೆ ಡಬ್ಬಿಗೆ ಹೇಗೆ ಬಂತು ಅಂತ ಆಕೆಯನ್ನೇ ಕೇಳಬೇಕು. ಆ ದಿನ ತೆಪ್ಪದ ಟಿಕೆಟ್ಟೂ ಸಿಗಲಿಲ್ಲ, ಖಾಲಿಯಾಗಿತ್ತು.

ಎರಡನೇ ಸಲ ನಾವೇ ಹೋದೆವು. ಜೂನ್‌ನಲ್ಲಿ! ನನ್ನ ದಡ್ಡತನ. ಆ ಕಡೆಯ ಜೂನ್ ಅಂದರೆ ನಮ್ಮ ಆಗುಂಬೆಯ ಜುಲೈ ಇದ್ದ ಹಾಗೆ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು, ತೆಪ್ಪ ಬಂದ್. ಟಿಕೆಟ್ ದುಡ್ಡು ವಾಪಸ್ ಬಂತು, ರೈಲು ಮತ್ತು ರೂಮಿನ ದುಡ್ಡು ನೀರಿಗೆ ಹೋಯಿತು. ರಾತ್ರಿ ಹತ್ತಕ್ಕೆ ಒಂದು ಚಿಕ್ಕ ಲಾಡ್ಜಿನವರು ಹೊರದೇಶದವರನ್ನು ಸೇರಿಸಿಕೊಳ್ಳಲ್ಲ ಅಂತ ಕಳಿಸಿದ್ದು ಬೇರೆ. ಬುಕ್ ಮಾಡುವ ಮೊದಲು ಫೋನ್ ಮಾಡಿ ಕೇಳಿ, ಆ್ಯಪ್ ನಂಬಬೇಡಿ.

ಆಮೇಲೆ ಕೂತು ಯೋಚನೆ ಮಾಡಿದೆ. ಎಲ್ಲರೂ ಬೆಳಗ್ಗೆಯೇ ತೆಪ್ಪಕ್ಕೆ ಓಡುತ್ತಾರೆ. ಅದು ಮುಗಿಸಿ ಮಧ್ಯಾಹ್ನದ ಬಿಸಿಲಿಗೆ ವುಯಿಯ ತ್ಯಾನ್‌ಯೋ ಶಿಖರ ಹತ್ತಿ, ಮೆಟ್ಟಿಲ ಮೇಲೆ ಸಾಲಲ್ಲಿ ನಿಂತು ಸುಸ್ತಾಗುತ್ತಾರೆ. ಕಾಲು ನೋವಿನಲ್ಲಿ ಝು ಶಿ ಯಾರಿಗೆ ಬೇಕು? ನಾನು ಇದನ್ನು ಉಲ್ಟಾ ಮಾಡಿದೆ. ಬೆಳಗ್ಗೆ ಬೆಟ್ಟ, ಇಳಿಯುತ್ತಾ ಝು ಶಿಯ ಗುರುಕುಲ, ಊಟ ಆದ ಮೇಲೆ ತೆಪ್ಪ. ತೆಪ್ಪದಲ್ಲಿ ಸುಮ್ನೆ ಕೂತಿರಬೇಕು ಅಷ್ಟೇ, ಕಾಲಿಗೆ ವಿಶ್ರಾಂತಿ. "ತಡವಾದ್ರೆ ತೆಪ್ಪ ಹೋಗುತ್ತೆ" ಅಂತ ಎಲ್ಲರೂ ಹೆದರಿಸಿದರು. ಬೆಟ್ಟದ ಬುಡದಿಂದ ತೆಪ್ಪ ಹೊರಡುವ ಶಿಂಗ್‌ಛೂನ್ ಕಡವಿಗೆ ಒಳಗಿನ ಬಸ್ಸಿನಲ್ಲಿ ಹೋಗಲು ಒಂದು ಉಪಾಯ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ನನಗೇ ಸೀಟು ಸಿಗಲ್ಲ. ಚಟ್ನಿಪುಡಿ ತಂದುಕೊಟ್ಟವರಿಗೆ ಹೇಳಬಹುದು.

"ರೀ, ಮತ್ತೆ ಅದೇ ಬೆಟ್ಟಾನಾ?" ಅಂದಳು ನನ್ನಾಕೆ. ಆದರೂ ಬಂದಳು. ಹಿಂದಿನ ರಾತ್ರಿಯೇ ಬೆಟ್ಟದ ಪಕ್ಕದ ಸಾನ್‌ಗು ಪೇಟೆಯಲ್ಲಿ ಉಳಿದೆವು. ರೂಮು 180 ಯುವಾನ್ ಇರಬೇಕು.

ಮೊದಲ ಬಸ್ಸಿನಲ್ಲಿ ನಾವಿಬ್ಬರು, ಪೊರಕೆ ಹಿಡಿದ ನಾಲ್ಕು ಜನ ಕೆಲಸದವರು, ಇಷ್ಟೇ. ಹೊಳೆಯ ಮೇಲೆ ಹಬೆ ಏಳುತ್ತಿತ್ತು. ತ್ಯಾನ್‌ಯೋ ಎತ್ತರ ದೊಡ್ಡದೇನಲ್ಲ, ನಾನೂರು ಮೀಟರ್ ಚಿಲ್ಲರೆ. ಮುಳ್ಳಯ್ಯನಗಿರಿ ಹತ್ತಿದವರಿಗೆ ನಗು ಬರುತ್ತೆ. ಆದರೆ ಒಂದೇ ಬಂಡೆಯ ಮೈಮೇಲೆ ಕೊರೆದ ಮೆಟ್ಟಿಲು, ಪಕ್ಕದಲ್ಲಿ ನೇರ ಪ್ರಪಾತ. ಎಂಟುನೂರ ನಲವತ್ತು ಚಿಲ್ಲರೆ ಮೆಟ್ಟಿಲು ಅಂತಾರೆ. ನಾನು ಎಣಿಸಿದ್ದು 832, ಅವಳು ಎಣಿಸಿದ್ದು 861. ಸರಿ ಯಾವುದು ಅಂತ ಇವತ್ತಿಗೂ ಜಗಳ ಇದೆ.

ಬುಡದಲ್ಲಿ ನಿಂತು ಎದುರಿನ ಬಂಡೆ ನೋಡಬೇಕು. ಬಟ್ಟೆ ಒಣಗಿಸುವ ಬಂಡೆ ಅಂತ ಅದರ ಹೆಸರು. ಮೇಲಿನಿಂದ ಕೆಳಗಿನವರೆಗೆ ನೂರಾರು ಉದ್ದನೆಯ ಗೀರು. ಕೆಂಪು ಮರಳುಗಲ್ಲಿನ ಮೇಲೆ ಮಳೆನೀರು ಒಂದೇ ದಾರಿಯಲ್ಲಿ ಇಳಿದೂ ಇಳಿದೂ ಕೊರೆದದ್ದು. ನೆರಿಗೆ ಬಿಚ್ಚಿ ಹರವಿದ ಸೀರೆಯ ಹಾಗೆ ಕಾಣುತ್ತೆ. ಒಂದು ಕಡೆ ಕೈಗೆ ಎಟಕುವಂಥ ಗೀರು ಇತ್ತು. ಬೆರಳಿಟ್ಟೆ. ಒಳಗೆ ನುಣ್ಣಗೆ, ತಣ್ಣಗೆ, ಅಂಚಿನಲ್ಲಿ ಮಾತ್ರ ಮರಳು ಮರಳು. ಒಂಬತ್ತೂವರೆಗೆ ನಾವು ಹಿಂದಿನ ದಾರಿಯಲ್ಲಿ ಇಳಿದು ಬಂದಾಗ ಮೆಟ್ಟಿಲಲ್ಲಿ ಜನ ಇರುವೆ ಸಾಲಿನ ಹಾಗೆ ನಿಂತಿದ್ದರು. ನಾನು ಸ್ವಲ್ಪ ಜೋರಾಗಿಯೇ ನಕ್ಕೆ ಅನ್ನಿಸುತ್ತೆ.

ಅಲ್ಲಿಂದ ನಡೆದುಕೊಂಡೇ ಝು ಶಿ ಕಟ್ಟಿದ ಗುರುಕುಲ. ಹೊಳೆಯ ಐದನೇ ತಿರುವು, ಇನ್‌ಫಿಂಗ್ ಶಿಖರದ ಬುಡ. ಕಟ್ಟಿದ್ದು 1183ರಲ್ಲಿ. ಈಗ ಇರುವ ಕಟ್ಟಡ ಹೊಸದು, ಬಣ್ಣ ಜಾಸ್ತಿ. ಗುಂಪಿನವರು ಮೂರ್ತಿಯ ಮುಂದೆ ಫೋಟೋ ಹೊಡೆದು ಹೋಗುತ್ತಾರೆ. ನೀವು ಪಕ್ಕಕ್ಕೆ ಹೋಗಿ. ಹಳೆಯ ಮಣ್ಣಿನ ಗೋಡೆಯ ತುಂಡು ಉಳಿದಿದೆ, ಝು ಶಿ ಬದುಕಿದ್ದ ಸಾಂಗ್ ರಾಜರ ಕಾಲದ್ದು. ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜನ ಮನೆ ಗೋಡೆ ಹೀಗೇ ಇತ್ತು. ಮಣ್ಣನ್ನು ಪದರ ಪದರವಾಗಿ ಬಡಿದು ಏರಿಸಿದ್ದು, ನಡುವೆ ಸಣ್ಣ ಕಲ್ಲು. ಎಂಟುನೂರು ವರ್ಷದ ಹಿಂದೆ ಶಿಷ್ಯರ ಜೊತೆ ಆತ ಕನ್ಫ್ಯೂಷಿಯಸ್ ಪಾಠ ಮಾಡಿದ್ದು ಇಂಥ ಗೋಡೆಯ ಒಳಗೆ. ನಾನು ಅಲ್ಲಿ ಕಾಲು ಗಂಟೆ ನಿಂತೆ.

ಝು ಶಿ ಸತ್ತದ್ದು 1200ರಲ್ಲಿ. ಆಗ ಆತನ ವಿದ್ಯೆಯನ್ನು ಸುಳ್ಳು ವಿದ್ಯೆ ಅಂತ ಸರ್ಕಾರ ನಿಷೇಧಿಸಿತ್ತು. 1313ರಲ್ಲಿ ನೋಡಿದರೆ ಕನ್ಫ್ಯೂಷಿಯಸ್ ಗ್ರಂಥಗಳ ಮೇಲೆ ಆತ ಬರೆದ ವ್ಯಾಖ್ಯಾನವೇ ಸರ್ಕಾರಿ ನೌಕರಿಯ ಪರೀಕ್ಷೆಗೆ ಪಠ್ಯ! 1905ರಲ್ಲಿ ಪರೀಕ್ಷೆಯೇ ನಿಲ್ಲುವವರೆಗೆ ಅದು ನಡೆಯಿತು. ಇದನ್ನು ಹೇಳಿದ್ದಕ್ಕೆ ನನ್ನಾಕೆ, "ಓ, ಕೆಪಿಎಸ್‌ಸಿ ಗೈಡ್ ಬರೆದವರು ಅನ್ನಿ" ಅಂದಳು. ಆಕೆ ಎರಡು ಸಲ ಆ ಪರೀಕ್ಷೆ ಬರೆದವಳು, ಕೋಪ ಇನ್ನೂ ಇದೆ.

ಊಟದ ವಿಷಯ. ಎಲ್ಲರೂ ಹೆದರುವುದು ಇದಕ್ಕೇ ಅಲ್ವಾ? ಬೆಟ್ಟದ ತಪ್ಪಲಲ್ಲಿ ಬಿದಿರು ಹೇರಳ, ಹಾಗಾಗಿ ಕಳಲೆ ಎಲ್ಲ ಹೋಟೆಲಿನಲ್ಲೂ ಸಿಗುತ್ತೆ. ಮಲೆನಾಡಿನವರಿಗೆ ಇನ್ನೇನು ಬೇಕು! ಆದರೆ ಮಾಂಸ ಬೇಡ ಅಂದರೆ ಸಾಲದು. ಚೂರುಗಳನ್ನು ಆರಿಸಿ ತೆಗೆದು ಅದನ್ನೇ ತಂದಿಡುತ್ತಾರೆ, ಮೊದಲ ಸಲ ಹಾಗೇ ಆಗಿತ್ತು. ಹಂದಿ ಕೊಬ್ಬೂ ಬೇಡ ಅಂತ ಬೇರೆಯಾಗಿ ಹೇಳಬೇಕು. ನಾನು ಈಗ ಅಡುಗೆಮನೆ ಒಳಗೇ ಹೋಗಿ ಎಣ್ಣೆ ಡಬ್ಬಿ ತೋರಿಸುತ್ತೇನೆ. ಕಳಲೆ, ಅಣಬೆ, ಅನ್ನ, ನಮ್ಮದೇ ಚಟ್ನಿಪುಡಿ. ಇಬ್ಬರಿಗೆ 60 ಯುವಾನ್ ಒಳಗೇ ಮುಗಿಯಿತು.

ಎರಡು ಗಂಟೆಯ ಹೊತ್ತಿಗೆ ತೆಪ್ಪ. ತಲೆಗೆ 130 ಯುವಾನ್. ಆರು ಜನಕ್ಕೆ ಬಿದಿರು ಕುರ್ಚಿ, ಹಿಂದೊಬ್ಬ ಮುಂದೊಬ್ಬ ಗಳು ಹಾಕುವವರು. ಒಂಬತ್ತೂವರೆ ಕಿಲೋಮೀಟರ್, ಒಂಬತ್ತು ತಿರುವು, ಒಂದೂವರೆ ಗಂಟೆಗೆ ಸ್ವಲ್ಪ ಜಾಸ್ತಿ.

ಇಲ್ಲಿ ನನ್ನದೊಂದು ಪ್ರಯೋಗ ಇತ್ತು. ಝು ಶಿ 1184ರಲ್ಲಿ ಈ ಹೊಳೆಯ ಮೇಲೆ ಹತ್ತು ಪದ್ಯ ಬರೆದ. ಒಂದು ಪೀಠಿಕೆ, ಆಮೇಲೆ ತಿರುವಿಗೊಂದು. ಆ ಪದ್ಯ ಓದುತ್ತಾ ಹೋಗೋಣ ಅಂತ ಅನುವಾದ ಮಾಡಿಸಿ ಮುದ್ರಿಸಿಕೊಂಡಿದ್ದೆ. ತೊಂದರೆ ಏನಂದರೆ ಝು ಶಿ ಒಂದನೇ ತಿರುವಿನಿಂದ ಮೇಲಕ್ಕೆ, ಹರಿವಿಗೆ ಎದುರಾಗಿ ಹೋಗುತ್ತಾನೆ. ಈಗಿನ ತೆಪ್ಪ ಒಂಬತ್ತರಿಂದ ಒಂದಕ್ಕೆ ಇಳಿಯುತ್ತೆ. ಹಾಗಾಗಿ ಹಾಳೆ ಕತ್ತರಿಸಿ, ಚೀಟಿಗಳನ್ನು ಹಿಂದುಮುಂದು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿಕೊಂಡೆ.

ಪ್ರಯೋಗ ಅರ್ಧ ಪಾಸ್. ಒಂಬತ್ತನೆಯದು ಸರಿಯಾಗಿ ಕೂತಿತು. ಕಣ್ಣಿಗೆ ಬಯಲು ತೆರೆದುಕೊಂಡಿತು, ಹಿಪ್ಪುನೇರಳೆ ಕಂಡಿತು ಅಂತ ಆತ ಮುಗಿಸುವ ಜಾಗದಲ್ಲಿ ನಾವು ಶುರು ಮಾಡುತ್ತಿದ್ದೆವು. ಎಂಟನೆಯದು ತಪ್ಪೇಹೋಯಿತು, ತೆಪ್ಪದವನು ಕಪ್ಪೆಯಂಥ ಬಂಡೆ ತೋರಿಸಿ ಜೋಕ್ ಹೇಳುತ್ತಿದ್ದ. ಏಳರಲ್ಲಿ ಝು ಶಿ ದೋಣಿಯನ್ನು ಸೆಳವಿಗೆ ಎದುರಾಗಿ ಏರಿಸುತ್ತಾನೆ, ನಾವು ಅದೇ ಸೆಳವಿನಲ್ಲಿ ಜಾರಿ ಇಳಿದೆವು. ಚೀಟಿ ಒದ್ದೆ.

ಆರನೇ ತಿರುವಿನಲ್ಲಿ ನಾನು ತೆಪ್ಪದವನಿಗೆ "ಝು ಶಿ, ಝು ಶಿ" ಅಂದೆ. ಅವನು ಮಾತು ನಿಲ್ಲಿಸಿ ಗಳು ಎತ್ತಿ ಬಂಡೆಯ ಕಡೆ ತೋರಿಸಿದ. ನಾಲ್ಕು ಅಕ್ಷರ. ಝು ಶಿಯದೇ ಬರಹ. ಹೊಳೆಯ ದಡದಲ್ಲಿ ನಿಂತು ಕನ್ಫ್ಯೂಷಿಯಸ್ ಹೇಳಿದ ಮಾತಿನ ಮೊದಲರ್ಧ: ಹೋಗುವುದು ಹೀಗೇ ಹೋಗುತ್ತದೆ. ಹಗಲು ರಾತ್ರಿ ನಿಲ್ಲದೆ ಅನ್ನುವ ಉಳಿದರ್ಧವನ್ನು ಕೆತ್ತಿಲ್ಲ. ಕೆಳಗೆ ಹೊಳೆ ಹರಿಯುತ್ತಲೇ ಇದೆ, ಕೆತ್ತುವ ಅಗತ್ಯವಾದರೂ ಏನು? ಫೋನ್ ತೆಗೆಯುವಷ್ಟರಲ್ಲಿ ತೆಪ್ಪ ಮುಂದೆ ಹೋಗಿತ್ತು. ಫೋಟೋದಲ್ಲಿ ಬರೀ ಮುಂದಿನ ಕುರ್ಚಿಯವರ ಟೋಪಿ ಇದೆ.

ಮೂರನೇ ತಿರುವಿನಲ್ಲಿ ಕತ್ತೆತ್ತಿ ನೋಡಿ. ಬಂಡೆಯ ಎತ್ತರದ ಬಿರುಕಿನಲ್ಲಿ ಹಲಗೆಗಳು ಕಾಣುತ್ತವೆ. ದೋಣಿಯ ಆಕಾರದ ಶವಪೆಟ್ಟಿಗೆ ಇಟ್ಟ ಜಾಗ. ಇಲ್ಲಿನ ಅಂಥ ಪೆಟ್ಟಿಗೆ ಮೂರು ಸಾವಿರ ವರ್ಷಕ್ಕೂ ಹಳೆಯವು. ಝು ಶಿಗೂ ಅವು ಹಳೆಯವೇ, ಈ ದೋಣಿಗಳು ನಿಂತು ಎಷ್ಟು ಕಾಲವಾಯಿತೋ ಅಂತ ಆತನೂ ಕೇಳುತ್ತಾನೆ. ಎರಡರಲ್ಲಿ ಯುನು ಶಿಖರ, ಎಲ್ಲ ಕ್ಯಾಲೆಂಡರಿನಲ್ಲೂ ಇರುವುದೇ. ತೆಪ್ಪದವರಿಗೆ ಕೊನೆಯಲ್ಲಿ 20 ಯುವಾನ್ ಕೊಟ್ಟೆ. ಕೊಡಲೇಬೇಕು ಅಂತೇನಿಲ್ಲ, ಆದರೆ ಗಳು ಎತ್ತಿ ತೋರಿಸಿದನಲ್ಲ.

ಇಳಿಯುವ ಕಡೆ ವುಯಿ ಅರಮನೆ ಅಂತ ಕರೆಯುವ ಹಳೆಯ ದಾವ್ ಧರ್ಮದ ಗುಡಿ. ಝು ಶಿಗೆ ಈ ಗುಡಿಯ ಮೇಲ್ವಿಚಾರಕ ಅಂತ ಹುದ್ದೆ ಇತ್ತು. ಹೆಸರಿಗಷ್ಟೇ ಹುದ್ದೆ. ಸಂಬಳ ಬರುತ್ತಿತ್ತು, ಕೆಲಸ ಇರಲಿಲ್ಲ. ಪುಣ್ಯವಂತ.

ಸಂಜೆ ರೂಮಿನಲ್ಲಿ ಇನ್ನೊಂದು ಪ್ರಯೋಗ. ಬೀದಿ ಅಂಗಡಿಯಲ್ಲಿ 40 ಯುವಾನಿಗೆ ರೋಗುಯಿ ಚಹಾ ತಗೊಂಡಿದ್ದೆ. ಚಕ್ಕೆಯ ಘಮ ಇರುವ, ಬಂಡೆಗಳ ನಡುವೆ ಬೆಳೆದ ಚಹಾ ಅದು, ಕೆಂಡದಲ್ಲಿ ಹುರಿದದ್ದು. ಅದಕ್ಕೆ ಹಾಲು, ಸಕ್ಕರೆ ಹಾಕಿ ಕುದಿಸಿದೆ. ಕುಡಿಯಲು ಆಗಲಿಲ್ಲ, ಸುಟ್ಟ ಕಟ್ಟಿಗೆ ನೆನೆಸಿದ ಹಾಗೆ. ಹಾಲಿಲ್ಲದೆ ಬಿಸಿನೀರು ಸುರಿದು ತಕ್ಷಣ ಬಗ್ಗಿಸಿಕೊಂಡರೆ ಸೊಗಸು. ಮೂರನೇ ಸಲದ ನೀರು ಎಲ್ಲಕ್ಕಿಂತ ಚೆನ್ನಾಗಿತ್ತು.

ಒಟ್ಟು ಖರ್ಚು: ರೈಲು ತಲೆಗೆ ಹೋಗಿಬರಲು ಮುನ್ನೂರು ಚಿಲ್ಲರೆ, ಒಳಗಿನ ಬಸ್ಸು 70, ತೆಪ್ಪ, ರೂಮು, ಊಟ ಎಲ್ಲ ಸೇರಿ ಇಬ್ಬರಿಗೆ 1,400 ದಾಟಿಲ್ಲ. ಏಜೆಂಟಿಗೆ ಕೊಟ್ಟದ್ದಕ್ಕಿಂತ ಸಾವಿರ ಕಡಿಮೆ.

ಮುಂದಿನ ಭಾನುವಾರ ಇದನ್ನೆಲ್ಲ ಹೇಳಿದಾಗ ನಮ್ಮ ಹಿರಿಯರೊಬ್ಬರು ಸುಲಭಕ್ಕೆ ಒಪ್ಪಲಿಲ್ಲ. "ತಾಯಿಗಿಡ ನೋಡಿದ್ರಾ? ನೋಡಿಲ್ಲ ತಾನೆ? ಹಾಗಾದ್ರೆ ಪೂರ್ತಿ ನೋಡಿದ ಹಾಗಲ್ಲ ಬಿಡಿ" ಅಂದರು. ನನಗಿಂತ ಮೊದಲು ನನ್ನಾಕೆಯೇ ಉತ್ತರ ಕೊಟ್ಟಳು: "ಅದರ ದುಡ್ಡು ನಾವು ಮೊದಲನೇ ಸಲವೇ ಕಟ್ಟಿದ್ದೀವಿ ಸಾರ್, 600 ಯುವಾನ್."