ಹಳೆ ಸೀರೆಯ ಕೌದಿ ಹೊಲಿಯುವ ಬಗೆ

ಅಜ್ಜಿಯ ಹತ್ತಿ ಸೀರೆ ಮೆತ್ತಗಾದಷ್ಟೂ ಕೌದಿಗೆ ಒಳ್ಳೆಯದು. ಆರು ಗಜದ ಸೀರೆಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿದರೆ ಆರಡಿಯ ಮೂರು ಪದರ ಸಿಗುತ್ತದೆ. ಒಬ್ಬರು ಹೊದೆಯಲು ಅಷ್ಟು ಸಾಕು. ಪಾಲಿಯೆಸ್ಟರ್ ತುಂಡು ಬೆರೆಸಬೇಡಿ. ಒಗೆದಾಗ ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಅಲ್ಲೇ ಉಬ್ಬು ಏಳುತ್ತದೆ. ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಬೇರೆಯಾಗಿ ತೊಳೆದಿಡಿ.

ನೆಲದ ಮೇಲೆ ಬಿಗಿಯಾಗಿ ಹರವಿ, ನಾಲ್ಕು ಮೂಲೆಗೂ ಭಾರ ಇಟ್ಟು, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ. ಈ ಕೆಲಸ ಬಿಟ್ಟರೆ ಅಡಿಪದರ ಜರುಗಿ ಸುಕ್ಕಾಗುತ್ತದೆ, ಆಮೇಲೆ ಎಲ್ಲ ಬಿಚ್ಚಬೇಕಾಗುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕಲಿಯುವವರಿಗೂ ಇದೇ ಸರಿ: ಅಂಚು ಮೊದಲೇ ಗಟ್ಟಿಯಾಗುತ್ತದೆ. ಸೀರೆಯ ಪದರದ ಮೇಲೆ ಇಡುವ ಬಟ್ಟೆ ತುಂಡಿನ, ಅಂದರೆ ತೇಪೆಯ, ಅಂಚನ್ನು ಅರ್ಧ ಬೆರಳು ಒಳಮಡಚಿ, ದಪ್ಪ ಹತ್ತಿದಾರವನ್ನು ಎರಡೆಳೆ ಮಾಡಿ ಸಾಲುಹೊಲಿಗೆ ಹಾಕಿ. ಸಾಲುಗಳ ನಡುವೆ ಒಂದು ಬೆರಳು ಅಂತರವಿರಲಿ. ದಾರ ಒಂದು ಮೊಳಕ್ಕಿಂತ ತುಂಬ ಉದ್ದವಾದರೆ ಸಿಕ್ಕಾಗುತ್ತದೆ; ಬಿಗಿಯಾಗಿ ಎಳೆದರೆ ಒಗೆಯುವಾಗ ತುಂಡಾಗುತ್ತದೆ.

ಮಧ್ಯಾಹ್ನದ ಹೊತ್ತು ಹೊಲಿಯುತ್ತ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ, ಹೋಗಲಿ, ಕೌದಿಯ ಸುಖವೇ ಅದು. ಆದರೆ ಸಾಲಿಗೊಮ್ಮೆ ಮಗುಚಿ ನೋಡಿ, ಸೂಜಿ ಅಡಿಪದರಕ್ಕೂ ಇಳಿದಿರಬೇಕು.

ಕೊನೆಗೆ ಮೂಲೆಗಳಿಗೆ ಬಟ್ಟೆ ತುಂಡನ್ನು ಮುಕ್ಕೋನವಾಗಿ ಮಡಿಚಿದ ಹೂವು ಹೊಲಿಯಿರಿ. ಸಿದ್ದಿಯರಲ್ಲಿ ಅದಿಲ್ಲದ ಕೌದಿ ಅರೆಬರೆ. ಒಗೆದ ಕೌದಿ ಬಹಳ ಭಾರ. ಹಗ್ಗಕ್ಕೆ ನೇತುಹಾಕದೆ ಕಟ್ಟೆಯ ಮೇಲೆ ಹರವಿ ಒಣಗಿಸಿ.